ಅವಳ ಎಡಗಿವಿ

ಸೌಂಡ್ ಇಂಜಿನಿಯರ್ ಎಂದರೆ ನಾನೇ. ಉಳಿದವರೆಲ್ಲ ಗುಂಡಿ ತಿರುಗಿಸುವವರು. ಮೂರು ಮಹಡಿ ಕೆಳಗೆ ಸೊಳ್ಳೆ ಆಕಳಿಸಿದರೂ ಅದು ಯಾವ ಸ್ವರವೆಂದು ಹೇಳಬಲ್ಲೆ. ಅಂಥ ನಾನು ಒಂದು ನೋಟವನ್ನು ತಪ್ಪಾಗಿ ಓದಿದೆ.

ಅವಳು ಹದಿನೈದು ವರ್ಷ ಅಪ್ಪನ ಎದುರು ಕೂತು ಶಾಸ್ತ್ರೀಯ ಪಿಟೀಲು ಕಲಿತವಳು. ಅದೇ ಪಿಟೀಲು ಹಿಡಿದು ನಮ್ಮ ಹೆವಿ ಮೆಟಲ್ ಬ್ಯಾಂಡ್ ಸೇರಿದಳು. ನಾವು ಬುಲ್ಡೋಜರ್ ಎಂದು ಕರೆಯುವ ನಮ್ಮ ಡ್ರಮ್ಮರ್ ಬಾರಿಸಿದರೆ ಪಕ್ಕದ ಬೀದಿಯ ಕೆಟ್ಟ ಗಡಿಯಾರಗಳೂ ನಡೆಯತೊಡಗುತ್ತವೆ. ಆ ಗದ್ದಲದ ಮೇಲೆ ಅವಳ ತಂತಿ ಏರಿದಾಗ ಅವನೇ ಕೋಲು ಕೈಬಿಟ್ಟ.

ಅವಳು ಮನೆಯಿಂದ ಹೊರಟಾಗ ಅವಳಪ್ಪ ಹೇಳಿದ್ದು ಒಂದೇ ಮಾತಂತೆ: “ಶ್ರುತಿ ಕೆಟ್ಟ ದಿನ ಬಾ. ಬಾಗಿಲು ತೆಗೆದಿರುತ್ತೆ.”

ಪ್ರಾಕ್ಟೀಸ್ ನಡುವೆ ಅವಳು ಹಾಲ್‌ನ ಆ ತುದಿಯಿಂದ ನನ್ನತ್ತ ನೋಡುವಳು. ಹುಬ್ಬು ತುಸು ಮೇಲೆ, ಗದ್ದವೂ ತುಸು ಮೇಲೆ. ನಮ್ಮ ಕಸುಬಿನಲ್ಲಿ ಅದರರ್ಥ, ‘ನನ್ನೆದುರಿನ ಸ್ಪೀಕರಿನ ಸದ್ದು ಏರಿಸು’ ಎಂದು. ಆದರೆ ಹಾಡಿಗೆ ಹತ್ತು ಸಲವೇ? ಇದು ಪ್ರೀತಿಯೇ ಎಂದು ತೀರ್ಮಾನಿಸಿ ಎರಡು ತಿಂಗಳು ಧಾರಾಳವಾಗಿ ಏರಿಸಿದೆ.

ಒಂದು ಮಧ್ಯಾಹ್ನ ಉಳಿದವರೆಲ್ಲ ಹೋದ ಮೇಲೆ ಕೇಬಲ್ ಸುತ್ತುತ್ತಾ ಅವಳನ್ನು ಕೇಳಿದೆ, “ದಿನಾ ಹೀಗೆ ನೋಡೋ ಬದಲು ಬಾಯ್ಬಿಟ್ಟು ಹೇಳ್ಬಾರ್ದಾ?”

ಅವಳ ಮುಖ ಬಿಳಿಚಿತು. “ಗೊತ್ತಾಗೋಯ್ತಾ ನಿಂಗೆ?”

“ನನಗೆ ಗೊತ್ತಾಗದೇ ಇರೋದು ಯಾವುದಿದೆ?”

“ಎಡಗಿವಿ ಇಡೀ ದಿನ ಕುಂಯ್ ಅಂತಿರುತ್ತೆ. ನನ್ನ ಪಿಟೀಲು ನಂಗೇ ಸರಿಯಾಗಿ ಕೇಳ್ಸಲ್ಲ. ಆರು ತಿಂಗಳು ಸದ್ದಿಂದ ದೂರ ಇರು, ಇಲ್ದಿದ್ರೆ ಇದ್ದದ್ದೂ ಹೋಗುತ್ತೆ ಅಂದ್ರು ಡಾಕ್ಟ್ರು.”

ಕೇಬಲ್ ಕೆಳಗಿಟ್ಟೆ. “ನಾನು ಪ್ರೀತಿ ಅಂದ್ಕೊಂಡೆ. ಕೇಳಿದ್ದಕ್ಕಿಂತ ಒಂದು ಗೆರೆ ಜಾಸ್ತೀನೇ ಏರಿಸ್ತಿದ್ದೆ.”

“ಒಂದೇ ಗೆರೆನಾ?”

“ಎರಡು.”

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಪಿಟೀಲು ಎತ್ತಿಕೊಂಡಳು. “ಎಲ್ಲಾ ಆಫ್ ಮಾಡು. ನುಡಿಸ್ತೀನಿ, ಶ್ರುತಿ ಇದ್ಯಾ ಹೇಳು. ಇದ್ರೆ ನಾಡಿದ್ದು ಶೋಗೆ ಬರ್ತೀನಿ. ಸೊಳ್ಳೆ ಕಥೆ ಬೇಡ. ಇವತ್ತೊಂದಿನ ನಿಜ ಹೇಳು.”

ಪ್ಲಗ್ಗುಗಳನ್ನೆಲ್ಲ ಕಿತ್ತೆ. ಅವಳು ಕಣ್ಣು ಮುಚ್ಚಿ ನುಡಿಸಿದಳು. ಎದೆಯೊಳಗೆ ಯಾರೋ ದೀಪ ಹಿಡಿದು ನಡೆದಂತಿತ್ತು. ಆದರೆ ಮೇಲಿನ ಷಡ್ಜ ಕೂದಲೆಳೆಯಷ್ಟು ಕೆಳಗೆ ನಿಂತಿತು. ಬುಲ್ಡೋಜರನಿಗೆ ಏಳು ಜನ್ಮಕ್ಕೂ ತಿಳಿಯದಷ್ಟು.

ಶ್ರುತಿ ಇದೆ ಅಂದರೆ ನಾಳೆಯೂ ನನ್ನೆದುರು ಇರುತ್ತಾಳೆ. ಹುಟ್ಟಿದಾಗಿನಿಂದ ನನಗೆ ಸುಳ್ಳು ನೀರು ಕುಡಿದಷ್ಟು ಸುಲಭ.

“ಮೇಲಿನ ಸ ಇಳಿದಿದೆ,” ಅಂದೆ. “ಅಪ್ಪನ ಮನೆಗೆ ಹೋಗು. ಕಿವಿಗೆ ರೆಸ್ಟ್ ಕೊಡು.”

ಅವಳ ಕಣ್ಣುಗಳು ತುಂಬಿದವು. ಪಿಟೀಲನ್ನು ಮಗುವಿನಂತೆ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಿದಳು. ಬಾಗಿಲ ತನಕ ಹೋದವಳು ಹಾಲ್‌ನ ಆ ತುದಿಯಿಂದ ತಿರುಗಿ ನೋಡಿದಳು. ಹುಬ್ಬು ತುಸು ಮೇಲೆ, ಗದ್ದವೂ ತುಸು ಮೇಲೆ.

ಅಭ್ಯಾಸಬಲ, ಕೈ ಗುಂಡಿಯತ್ತ ಹೋಯಿತು. ಪ್ಲಗ್ಗುಗಳೆಲ್ಲ ನೆಲದ ಮೇಲಿದ್ದವು. ಏರಿಸಲು ಏನೂ ಇರಲಿಲ್ಲ, ಆದರೂ ಅವಳು ನೋಡುತ್ತಲೇ ಇದ್ದಳು.