ಬೀಜಾಡಿಗೆ ಬಾರದ ಪೆನ್ಸಿಲ್ ಲಾರಿ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲು. ಬೀಜಾಡಿಯ ಪದ್ಮಾಕ್ಷಿ ಕುಂದಾಪುರದ ಪೊಲೀಸ್ ಠಾಣೆಗೆ ಬಂದು, ತಮ್ಮನ್ನು ಬಂಧಿಸಬೇಕೆಂದು ಕೇಳಿಕೊಂಡರು.

ಕೈಯಲ್ಲಿ ಬಟ್ಟೆಯ ಚೀಲವಿತ್ತು. ಚೀಲದಲ್ಲಿ ಎರಡು ಸೀರೆ, ಒಂದು ಬಾಟಲಿ ಮಾವಿನಮಿಡಿ ಉಪ್ಪಿನಕಾಯಿ, ಒಂದಿಷ್ಟು ಕುಚ್ಚಲಕ್ಕಿ. ಎಎಸ್‌ಐ ದೇವಪ್ಪ ಚೀಲದೊಳಗೆ ಇಣುಕಿ, ಅಕ್ಕಿ ಯಾಕೆಂದು ಕೇಳಿದರು.

"ಜೈಲಂಗೆ ಬರೀ ಬಿಳಿ ಬೆಳ್ತಿಗೆ ಅನ್ನ ಅಂಬ್ರಲೆ. ನಂಗದ್ ಆತಿಲ್ಲೆ."

ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಶ್ರೀವಾಣಿ ತಲೆಯೆತ್ತಿದಳು. ಆಕೆ ದಿನಪತ್ರಿಕೆಯೊಂದರ ತಾಲೂಕು ವರದಿಗಾರ್ತಿ. ಬೆಳಗಿನ ಸುದ್ದಿಗೆಂದು ದಿನವೂ ಠಾಣೆಗೆ ಬರುವವಳು. ಆ ದಿನ ಅಲ್ಲಿಯವರೆಗೆ ಸಿಕ್ಕಿದ್ದು ಒಂದು ಕಳೆದುಹೋದ ಎಮ್ಮೆ ಮಾತ್ರ.

ಪದ್ಮಾಕ್ಷಿ ಹೇಳಿದ್ದು ಇಷ್ಟು. ವಾಟ್ಸಾಪಿನಲ್ಲಿ ಒಂದು ಜಾಹೀರಾತು ಬಂದಿತ್ತು. ಮನೆಯಲ್ಲೇ ಕುಳಿತು ಪೆನ್ಸಿಲ್‌ಗಳನ್ನು ಡಬ್ಬಿಗೆ ತುಂಬಿಸುವ ಕೆಲಸ, ತಿಂಗಳಿಗೆ ಮೂವತ್ತು ಸಾವಿರ ಸಂಬಳ. ಕಂಪನಿಯ ಹೆಸರು ಸುವರ್ಣಲೇಖ, ಊರು ಮುಂಬೈಯ ಅಂಧೇರಿ. ಪದ್ಮಾಕ್ಷಿ ಬೀಜಾಡಿಯ ಮಹಿಳಾ ಭಜನಾ ಮಂಡಳಿಯ ಮುಖ್ಯಸ್ಥೆ. ಅವರ ಮಾತು ನಂಬಿ ಮಂಡಳಿಯವರೆಲ್ಲ ಸೇರಿದರು. ಮೊದಲು ನೋಂದಣಿ ಶುಲ್ಕ ಕಟ್ಟಿದರು. ಆಮೇಲೆ ಗುರುತಿನ ಚೀಟಿಗೆ, ಆಮೇಲೆ ಪೆನ್ಸಿಲ್‌ಗಳ ವಿಮೆಗೆ. ಪೆನ್ಸಿಲ್ ಮಾತ್ರ ಬರಲಿಲ್ಲ.

ನಿನ್ನೆ ಮ್ಯಾನೇಜರ್ ಖನ್ನಾ ಎಂಬಾತ ಗೊಗ್ಗರು ಸ್ವರದಲ್ಲಿ, ಹಿಂದಿಯಲ್ಲಿ ಧ್ವನಿ ಸಂದೇಶ ಕಳುಹಿಸಿದ್ದ. ಪೆನ್ಸಿಲ್ ತುಂಬಿದ ಲಾರಿಯನ್ನು ಬೈಂದೂರಿನಲ್ಲಿ ಪೊಲೀಸರು ಹಿಡಿದಿದ್ದಾರೆ. ಇಂದು ಸಂಜೆಯೊಳಗೆ ದಂಡ ಕಟ್ಟಬೇಕು. ಇಲ್ಲದಿದ್ದರೆ ತಂಡದ ನಾಯಕಿ ಪದ್ಮಾಕ್ಷಿಗೆ ಜೈಲು.

ಅದಕ್ಕಿಂತ ದೊಡ್ಡ ಪೆಟ್ಟು ಪಕ್ಕದ ಮನೆಯ ರಾಜೀವಿಯದು. ಪದ್ಮಾಕ್ಷಿಗೆ ಕಂಪನಿಯಿಂದ ಕಮಿಷನ್ ಸಿಕ್ಕಿದೆ ಎಂದು ಆಕೆ ಎಲ್ಲರೆದುರು ಹೇಳಿದ್ದರು. ಅಂದಿನಿಂದ ಮಂಡಳಿಯ ಯಾರೂ ಇವರೊಂದಿಗೆ ಮಾತಾಡಿಲ್ಲ.

"ದುಡ್ಡ್ ಹೋದ್ದ್ ಹೋಯ್ಲಿ. ನಾಳೆ ಮಂಗಳಾರ, ಭಜನೆ ಇತ್ತ್. ಅವ್ರ ಮೊಕ ಕಾಂಬುಕಿಂತ ಜೈಲೇ ಅಡ್ಡಿಲ್ಲೆ."

ದೇವಪ್ಪ ಮೊದಲು ಸೈಬರ್ ವಂಚನೆಯ ಸಹಾಯವಾಣಿ ೧೯೩೦ಕ್ಕೆ ಕರೆ ಮಾಡಿಸಿ ದೂರು ದಾಖಲಿಸಿದರು. ನಂತರ ಬೈಂದೂರಿಗೆ ಫೋನು ಮಾಡಿದರು. ಅಲ್ಲಿ ಯಾವ ಲಾರಿಯೂ ಇರಲಿಲ್ಲ. ಶ್ರೀವಾಣಿ ಅದನ್ನೇ ಪದ್ಮಾಕ್ಷಿಯ ಮೊಬೈಲಿನಿಂದ ಖನ್ನಾನಿಗೆ ಬರೆದಳು. ಉತ್ತರ ಕೂಡಲೇ ಬಂತು: ಲಾರಿಯನ್ನು ಬ್ರಹ್ಮಾವರಕ್ಕೆ ಸಾಗಿಸಲಾಗಿದೆ.

ಬ್ರಹ್ಮಾವರದಲ್ಲಿ ನಿಜಕ್ಕೂ ಒಂದು ಲಾರಿ ಸಿಕ್ಕಿತು. ದೇವಪ್ಪ ಫೋನು ಇಟ್ಟರು.

"ಪೆನ್ಸಿಲ್ ಇಲ್ಲೆ ಅಂಬ್ರ್. ಪೂರಾ ಕಮೋಡ್ ಅಂಬ್ರ್."

ನಂಬಿಕೆ ಬರಲೆಂದು ಖನ್ನಾ ಶನಿವಾರ ಒಂದು ವಿಡಿಯೊವನ್ನೂ ಕಳುಹಿಸಿದ್ದ. ಅಂಧೇರಿಯ ಕಚೇರಿಯದಂತೆ. ಮೇಜಿನ ಮೇಲೆ ಪೆನ್ಸಿಲ್ ಡಬ್ಬಿಗಳ ರಾಶಿ, ಹಿಂದೆ ಕಂಪನಿಯ ಫಲಕ. ಕೊನೆಯಲ್ಲಿ ಕ್ಯಾಮೆರಾ ಕೆಳಗಿಳಿದು ಬಾಗಿಲು ಕಾಣುತ್ತದೆ: ಮರದ ಹೊಸ್ತಿಲು, ಅದರ ಮೇಲೆ ಬಿಳಿ ಗೆರೆ, ನಸುಗೆಂಪು ಹೂ.

"ದೇವ್ರ ಭಯ ಇದ್ದ ಕಂಪನಿ" ಎಂದರು ದೇವಪ್ಪ.

ಶ್ರೀವಾಣಿ ಆ ಭಾಗವನ್ನು ಮತ್ತೆ ನೋಡಿದಳು.

*

ಗುರುತಿನ ಚೀಟಿಗಳು ಅಚ್ಚಾಗಿದ್ದು ಕೋಟೇಶ್ವರದ ಗುರುಪ್ರಸಾದನ ಜೆರಾಕ್ಸ್ ಅಂಗಡಿಯಲ್ಲಿ. ದೇವಪ್ಪನವರಿಗೆ ಅಲ್ಲಿಯೇ ಕಳ್ಳ ಸಿಕ್ಕಿದಂತಾಯಿತು. ಗುರುಪ್ರಸಾದ್ ಹೆದರಿ, ಕೇಳದಿದ್ದರೂ ಕಳೆದ ವರ್ಷ ಲೈಸೆನ್ಸ್ ನವೀಕರಿಸದಿದ್ದುದನ್ನು ಒಪ್ಪಿಕೊಂಡ. ಚೀಟಿಯ ವಿಷಯದಲ್ಲಿ ಅವನ ತಪ್ಪಿರಲಿಲ್ಲ. ಹೆಂಗಸರು ಮೊಬೈಲಿನಲ್ಲಿ ತಂದು ತೋರಿಸಿದ್ದರು, ಅವನು ಅಚ್ಚು ಹಾಕಿ ಲ್ಯಾಮಿನೇಶನ್ ಮಾಡಿದ್ದ.

"ಪದ್ದಕ್ಕನ ಚೀಟೆಂಗೆ ಮುಖ್ಯ ಪೆನ್ಸಿಲ್ ಅಧಿಕಾರಿ ಅಂದ್ ಇತ್ತ್, ಸಾರ್. ನಾ ಎದ್ದ್ ನಿಂತ್ ನಮಸ್ಕಾರ ಮಾಡಿದ್ದೆ."

ಶ್ರೀವಾಣಿ ಕೇಳಿದ್ದು ಒಂದೇ ಪ್ರಶ್ನೆ. ಹಿಂದಿ ಬಾರದ ಈ ಹೆಂಗಸರು ಖನ್ನಾನ ಜೊತೆ ಮಾತಾಡುತ್ತಿದ್ದುದು ಹೇಗೆ? ರಾಜೀವಿಯ ತಂಗಿಯ ಮಗ ರತನ್ ಇದ್ದಾನಲ್ಲ ಎಂದ ಗುರುಪ್ರಸಾದ್. ಮುಂಬೈ ಹೋಟೆಲಿನಲ್ಲಿದ್ದು ಬಂದವನು. ದಿನಾ ಕೆರಾಡಿಯಿಂದ ಬೈಕಿನಲ್ಲಿ ಬರುತ್ತಾನೆ.

*

ಸೋಣ ತಿಂಗಳು, ಎಂದರೆ ಸಿಂಹ ಮಾಸ. ಈ ತಿಂಗಳಿಡೀ ಕುಂದಾಪುರದ ಕಡೆಯ ಹೆಂಗಸರು ಬೆಳಿಗ್ಗೆ ಹೊಸ್ತಿಲು ತೊಳೆದು, ಶೇಡಿ ಎಂಬ ಬಿಳಿ ಮಣ್ಣಿನಲ್ಲಿ ಗೆರೆ ಬರೆದು, ಹೂವಿಟ್ಟು ಪೂಜಿಸುತ್ತಾರೆ. ಬೀಜಾಡಿಯಲ್ಲಿ ಹೆಚ್ಚಿನ ಹೊಸ್ತಿಲುಗಳ ಮೇಲೆ ದಾಸವಾಳವಿತ್ತು. ರಾಜೀವಿಯ ಮನೆಯ ಸಿಮೆಂಟು ಹೊಸ್ತಿಲಿನಲ್ಲಿ ಮಾತ್ರ ನಸುಗೆಂಪು ಸೋಣೆ ಹೂ. ಚೆಂದ ಇದೆ ಎಂದಳು ಶ್ರೀವಾಣಿ.

ರಾಜೀವಿ ಹಿಗ್ಗಿದರು. "ನಮ್ ರತನ್ ದಿನಾ ಕೆರಾಡಿಂದ ತತ್ತ. ಈ ಕಡಲ್ ಬದಿ ಹೊಯ್ಗಿ ಮೇಲೆ ಸೋಣೆ ಹೂ ಎಲ್ಲ್ ಆತ್ತ್?"

ಪದ್ಮಾಕ್ಷಿ ಅಂಗಳದಾಚೆ, ದೇವಪ್ಪನವರ ಜೀಪಿನ ಬಳಿ ನಿಂತಿದ್ದರು. ರಾಜೀವಿ ಅತ್ತ ನೋಡಲಿಲ್ಲ. ಖನ್ನಾ ಫೋನಿಗೆ ಸಿಗುತ್ತಾನೆಯೇ ಎಂದು ಶ್ರೀವಾಣಿ ಕೇಳಿದಾಗ, ಸಂಜೆಯ ಮೇಲೆ ಸಿಗುವುದೇ ಇಲ್ಲ ಎಂದರು. ರತನ್ ಖನ್ನಾನೊಂದಿಗೆ ಎಲ್ಲಿ ಮಾತಾಡುತ್ತಿದ್ದ? ಒಳಗೆ ನೆಟ್‌ವರ್ಕ್ ಇಲ್ಲವೆಂದು ತೋಟದ ಮೂಲೆಗೆ ಹೋಗುತ್ತಿದ್ದ.

ಅಷ್ಟರಲ್ಲಿ ರತನನೇ ಬಂದ. ಶ್ರೀವಾಣಿ ಅವನಿಗೆ ಕೈಮುಗಿದಳು. ಖನ್ನಾ ಬಹುತೇಕ ಸಿಕ್ಕಿದ್ದಾನೆ, ದೇವಪ್ಪನವರ ಹಿಂದಿ ಅಷ್ಟಕ್ಕಷ್ಟೇ, ವಿಚಾರಣೆಗೆ ಅನುವಾದ ಮಾಡಲು ಬರಬಹುದೇ ಎಂದು ಕೇಳಿದಳು. ರತನ್ ಬೆವರು ಒರೆಸಿಕೊಂಡ. ದೊಡ್ಡಮ್ಮನೆದುರು ಇಲ್ಲವೆನ್ನಲಾಗದೆ ಜೀಪು ಹತ್ತಿದ.

*

ಜೀಪು ಕುಂದಾಪುರದತ್ತ ಹೋದಾಗ ರತನ್ ಮುಂಬೈಯ ಕತೆ ಹೇಳುತ್ತಿದ್ದ. ಪೂರ್ವಕ್ಕೆ ತಿರುಗಿದಾಗ ಕತೆ ನಿಧಾನವಾಯಿತು. ವಂಡ್ಸೆಯಲ್ಲಿ, ನಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದ.

"ಅಂಧೇರಿಗೆ" ಎಂದರು ದೇವಪ್ಪ.

ಮುಂಬೈಯ ಕತೆ ಅಲ್ಲಿಗೇ ಮುಗಿಯಿತು.

ಕೆರಾಡಿಯ ಮನೆಯಲ್ಲಿ ರತನನ ತಾಯಿ ಒಬ್ಬರೇ ಇದ್ದರು. ಬಾಗಿಲಿಗೆ ಮರದ ಹೊಸ್ತಿಲು. ಅದರ ಮೇಲೆ ಆ ದಿನದ ಶೇಡಿ ಗೆರೆ, ಸೋಣೆ ಹೂ. ಮಗ ಪುಸ್ತಕದಂಗಡಿ ಇಡುತ್ತಾನೆಂದು ತಾಯಿ ನಂಬಿದ್ದರು. ಒಳಗಿನ ಮೇಜಿನ ಮೇಲೆ ಪೆನ್ಸಿಲ್ ಡಬ್ಬಿಗಳ ಒಂದು ಸಾಲು. ಅದರ ಹಿಂದಿದ್ದುದೆಲ್ಲ ಖಾಲಿ ಬೆಂಕಿಪೊಟ್ಟಣ. ಫಲಕ ಮಂಚದಡಿಯಲ್ಲಿತ್ತು. ರತನನ ಸೊಂಟದ ಚೀಲದಲ್ಲಿ ಎರಡನೆಯ ಮೊಬೈಲಿತ್ತು. ಅಲ್ಲಿ ನೆಟ್‌ವರ್ಕ್ ಇಲ್ಲದೆ ಅದು ಸುಮ್ಮನಿತ್ತು. ಅದು ಹಳೆಯದು, ಬಳಸುತ್ತಿಲ್ಲ ಎಂದ.

ವಾಪಸು ವಂಡ್ಸೆ ಮುಟ್ಟುತ್ತಲೇ ಹಳೆಯ ಮೊಬೈಲಿಗೆ ಜೀವ ಬಂತು. ಸಂದೇಶಗಳು ಒಂದರ ಹಿಂದೊಂದು ಬಿದ್ದವು. ದೇವಪ್ಪ ಒಂದನ್ನು ಒತ್ತಿದರು. ರಾಜೀವಿಯ ಸ್ವರ.

"ಹ್ವಾಯ್ ಖನ್ನಾ, ನಿನ್ನ ಹೆತ್ತಬ್ಬಿ ನಿಂಗೆ ಇದನ್ನೇ ಕಲ್ಸಿದ್ದಾ?"

ಖನ್ನಾನ ಹೆತ್ತಬ್ಬೆ ರಾಜೀವಿಯ ಸ್ವಂತ ತಂಗಿ. ರತನ್ ತಲೆ ತಗ್ಗಿಸಿದ.

*

ವಂಡ್ಸೆಯ ಹೋಟೆಲಿನಲ್ಲಿ ಚಾ ಕುಡಿಯುತ್ತ ಶ್ರೀವಾಣಿ ವಿವರಿಸಿದಳು. ಅಂಧೇರಿಯ ಕಚೇರಿಗೆ ಸೋಣ ತಿಂಗಳ ಹೊಸ್ತಿಲು ಪೂಜೆ ಇರುವುದಿಲ್ಲ. ಮುಂಬೈಯಲ್ಲೂ ನಮ್ಮವರಿದ್ದಾರಲ್ಲ ಎಂದು ದೇವಪ್ಪ ಆಕ್ಷೇಪಿಸಿದರು. ಇದ್ದಾರೆ, ಆದರೆ ಸೋಣೆ ಹೂ ಕೊಯ್ದ ಕೆಲವೇ ಗಂಟೆಗಳಲ್ಲಿ ಬಾಡುತ್ತದೆ, ಮುಂಬೈ ಮುಟ್ಟುವುದಿಲ್ಲ. ಕಡಲ ಬದಿಯ ಮರಳಿನಲ್ಲಿ ಬೆಳೆಯುವುದೂ ಇಲ್ಲ. ವಿಡಿಯೊದ ಹೂ ತಾಜಾ ಇತ್ತು, ಹೊಸ್ತಿಲು ರಾಜೀವಿಯ ಮನೆಯದರಂತೆ ಸಿಮೆಂಟಿನದಲ್ಲ, ಮರದ್ದು, ಹಾಗಾಗಿ ಮನೆ ಒಳನಾಡಿನದು. ಖನ್ನಾ ಸಂಜೆಯ ಮೇಲೆ ಸಿಗುವುದಿಲ್ಲ, ರತನ್ ಸಂಜೆಗೆ ನೆಟ್‌ವರ್ಕ್ ಇಲ್ಲದ ಕೆರಾಡಿ ಸೇರುತ್ತಾನೆ. ಖನ್ನಾನೂ ರತನನೂ ಮಾತಾಡಿದ್ದನ್ನು ಒಟ್ಟಿಗೆ ಕೇಳಿದವರು ಯಾರೂ ಇಲ್ಲ. ಉಳಿದದ್ದು ಮೊದಲ ದಿನವೇ ಗೊತ್ತಾಗಬೇಕಿತ್ತು: ಸಂಬಳ ಕೊಡಬೇಕಾದವರೇ ಕೆಲಸಕ್ಕೆ ಮುಂಚೆ ದುಡ್ಡು ಕೇಳಿದರೆ ಅಲ್ಲಿ ಕೆಲಸವಿಲ್ಲ.

ರತನ್ ಒಮ್ಮೆ ಮಾತ್ರ ಬಾಯಿ ತೆರೆದ.

"ಗ್ವಾಡಿ ಮೇಲಿನ ಕ್ಯಾಲೆಂಡರ್ ತೆಗ್ದೆ, ಅಪ್ಪಯ್ಯನ ಫೋಟೊ ತೆಗ್ದೆ. ಹೊಸ್ಲ್ ಅಳ್ಸುಕೆ ಮಾತ್ರ ಮನ್ಸ್ ಬರ್ಲಿಲ್ಲೆ. ಸೋಣ ತಿಂಗ್ಳಲೆ."

"ಅಷ್ಟ್ ಹೆಂಗಸ್ರಿಗೆ ಟೊಪ್ಪಿ ಹಾಕುಕೆ ಮನ್ಸ್ ಬಂತಲೆ?"

"ಅದ್ ಬೇರೆ, ಸಾರ್."

*

ದುಡ್ಡು ಹೋಗಿದ್ದ ಖಾತೆಯನ್ನು ಬ್ಯಾಂಕು ತಡೆಹಿಡಿಯಿತು. ಹೆಚ್ಚಿನದು ಅಲ್ಲೇ ಇತ್ತು. ಠಾಣೆಯಲ್ಲಿ ಬಿಟ್ಟುಹೋದ ಚೀಲ ಮಂಗಳವಾರ ಬೆಳಿಗ್ಗೆ ಬೀಜಾಡಿಗೆ ಮರಳಿತು. ಅಕ್ಕಿ ಇದ್ದಷ್ಟೇ ಇತ್ತು, ಉಪ್ಪಿನಕಾಯಿ ಅರ್ಧ ಬಾಟಲಿ ಕಡಿಮೆಯಾಗಿತ್ತು.

ಅಂದು ಸಂಜೆ ಭಜನೆಗೆ ಎಲ್ಲರೂ ಬಂದರು. ರಾಜೀವಿ ಕೊನೆಗೆ ಬಂದು ಬಾಗಿಲ ಬಳಿ ಕುಳಿತರು. ಪದ್ಮಾಕ್ಷಿ ತಮ್ಮ ಕೈಯ ತಾಳವನ್ನು ಹಿಂದಕ್ಕೆ ಕಳುಹಿಸಿದರು. ಅದು ಕೈಯಿಂದ ಕೈಗೆ ದಾಟಿ ಬಾಗಿಲು ತಲುಪಿತು. ಮೊದಲ ಭಜನೆಯನ್ನು ರಾಜೀವಿ ಹೇಳಿದರು.