ಎಡಗೈಯವಳ ಡಾಲರು

೧೯೮೭ರ ಅಕ್ಟೋಬರ್ ೧೬, ಶುಕ್ರವಾರ ಬೆಳಿಗ್ಗೆ ೯-೧೦. ಕಾರ್ಸನ್ ಸಿಟಿಯ ಠಾಣೆಗೆ ಹಳೆಯ ನಾಣ್ಯಗಳ ಅಂಗಡಿಯ ಆರಿನ್ ಕೆಸೆಲ್ ದೂರು ತಂದ: ೧೮೮೨ರ ಬೆಳ್ಳಿ ಡಾಲರೊಂದು ಕಳುವಾಗಿದೆ. ಇಲ್ಲಿನ ಟಂಕಸಾಲೆ ನಿಂತು ಯಾವ ಕಾಲವಾಯಿತೋ, ಅಲ್ಲಿ ಅಚ್ಚಾದ ಡಾಲರೆಂದರೆ ನಮ್ಮೂರವರು ಇವತ್ತಿಗೂ ಜೀವ ಬಿಡುತ್ತಾರೆ. ಡಿಟೆಕ್ಟಿವ್ ಲೋರ್ನಾ ಎಚೆವೆರಿಯಾ ದೂರು ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ವೆಂಡೆಲ್ ಟ್ರಿಪ್‌ನ ಜತೆ ಹೊರಟಳು.

೯-೪೦ಕ್ಕೆ ಅಂಗಡಿಯಲ್ಲಿ ಮಹಜರು. ಬೀಗ ಸರಿಯಿತ್ತು. ತಟ್ಟೆಯಲ್ಲಿದ್ದ ದುಬಾರಿ ನಾಣ್ಯಗಳು ಹಾಗೇ ಇದ್ದವು. ಕಳುವಾದದ್ದರ ರಟ್ಟಿನ ಕವಚ ಮಾತ್ರ ಬಿಚ್ಚಿ ಬಿದ್ದಿತ್ತು.

“ಕಳ್ಳನಿಗೆ ಕಣ್ಣಿಲ್ಲ ಕಣ್ರೀ,” ಎಂದ ಕೆಸೆಲ್. “ಗೀರು ಬಿದ್ದಿರೋದನ್ನೇ ಹೊತ್ಕೊಂಡು ಹೋಗಿದಾನೆ.”

“ಏನು ಗೀರು?”

“ಅರದ್ದು. ಆಗ ಬೆಳ್ಳಿ ಬಿಲ್ಲೆ ತೂಕ ಹೆಚ್ಚಿದ್ರೆ ಹೆಂಗಸ್ರು ಕೂತು ಅರ ಹಾಕಿ ತೂಕಕ್ಕೆ ತರ್ತಿದ್ರು. ಆಮೇಲೆ ಯಂತ್ರದಲ್ಲಿ ಅಚ್ಚು ಒತ್ತೋದು. ಗೀರು ಆಳವಾಗಿದ್ರೆ ಒತ್ತಿದ್ರೂ ಮಾಯೋಲ್ಲ. ಇದರದ್ದು ಉಲ್ಟಾ ವಾಲಿತ್ತು, ಯಾರೋ ಎಡಗೈಯೋಳು. ನಾಳೆ ಬಾಸ್ಟನ್ನಿಂದ ಗಿರಾಕಿ ಬಂದು ತಗೊಂಡ್ಹೋಗೋರಿದ್ರು.”

ಲೋರ್ನಾ ರಟ್ಟನ್ನೇ ನೋಡುತ್ತಿದ್ದಳು. “ಸಂಗ್ರಹ ಮಾಡೋರು ಇದನ್ನ ಬಿಚ್ಚಿ ಬರೀ ನಾಣ್ಯ ಒಯ್ತಾರಾ?”

“ಸತ್ರೂ ಇಲ್ಲ. ಅಂಚು ಬಿಟ್ಟು ಬೇರೆ ಕಡೆ ಮುಟ್ಟೋದೂ ಇಲ್ಲ.”

“ಮುಟ್ಟೋರು ಯಾರು?”

ಕೆಸೆಲ್ ತಲೆ ಕೆರೆದುಕೊಂಡ. “ಐಡೆಲಾ ಪ್ರುಯಿಟ್. ಪ್ರತಿ ಗುರುವಾರ ಬಂದು ಅದನ್ನೇ ಹೆಬ್ಬೆಟ್ಟಲ್ಲಿ ಸವರ್ತಾಳೆ, ಎಷ್ಟು ಬೈದ್ರೂ ಅಷ್ಟೇ. ನಿನ್ನೆ ತಟ್ಟೆ ಅವಳ ಮುಂದಿಟ್ಟು ಕಾಫಿ ತರೋಕೆ ಒಳಗೆ ಹೋಗಿದ್ದೆ.”

೧೧-೦೫. ಎಪ್ಪತ್ನಾಲ್ಕರ ಐಡೆಲಾ ಬಾಗಿಲು ತೆಗೆದಾಗ ಬಲಗೈ ಮುಷ್ಟಿ ಕಟ್ಟಿತ್ತು.

“ಕೊಡಿ ಅಜ್ಜಿ,” ಎಂದಳು ಲೋರ್ನಾ.

ಮುಷ್ಟಿ ಬಿಚ್ಚಿತು. “ನಮ್ಮಜ್ಜಿ ಎಡಗೈಯೋಳು. ಆ ವರ್ಷ ಅರ ಹಿಡಿದು ಟಂಕಸಾಲೇಲೇ ಕೂತಿದ್ಲು. ಅಮ್ಮನ್ನ ಹೆತ್ತು ಮಾರನೇ ದಿನಾನೇ ತೀರ್ಕೊಂಡ್ಲು. ಒಂದು ಫೋಟೋ ಇಲ್ಲ, ಒಂದು ಕಾಗದ ಇಲ್ಲ. ಅವಳು ಹೆಂಗಿದ್ಲೋ ಅಂತ ಅಮ್ಮ ಸಾಯೋವರೆಗೂ ಹಂಬಲಿಸಿದ್ಲು. ಈಗ ನಾನು.”

“ಅಲ್ಲಿ ಎಡಗೈಯೋರು ಬೇರೆಯವರೂ ಇದ್ದಿರಬಹುದು,” ಎಂದ ಟ್ರಿಪ್.

“ಇರಬಹುದು ಕಣಪ್ಪ. ನಂಗೆ ಸಿಕ್ಕಿದ್ದು ಇಷ್ಟೇ.”

೧೧-೩೦ಕ್ಕೆ ಬಂಧನ. ಲೋರ್ನಾ ನಾಣ್ಯವನ್ನು ಸಾಕ್ಷ್ಯದ ಲಕೋಟೆಗೆ ಹಾಕಿದಳು.

“ಬಾಸ್ಟನ್ನಿಗೆ ಯಾವಾಗ ಹೋಗುತ್ತೆ?” ಮುದುಕಿ ಕೇಳಿದಳು.

“ಕೇಸು ಮುಗಿಯೋವರೆಗೂ ಹೋಗಲ್ಲ. ಠಾಣೆ ಬೀರುವಲ್ಲಿರುತ್ತೆ.”

“ಈ ಊರಲ್ಲೇ?”

“ಈ ಊರಲ್ಲೇ.”

ಐಡೆಲಾ ಕೋಟು ತೊಟ್ಟು ಗುಂಡಿ ಹಾಕಿಕೊಂಡಳು. “ಹಾಗಾದ್ರೆ ನಾನು ಒಪ್ಕೊಂಡೆ ಅಂತ ಬರೀಬೇಡಮ್ಮ,” ಎಂದಳು. “ಕದ್ದೇ ಇಲ್ಲ ಅಂದ್ಲು ಅಂತ ಹಾಕು. ನಾನಿರೋವರೆಗೂ ನಡೀಲಿ ಕೇಸು.”