ಡೆಲ್ಮಂಟನ ಮೀನುಪುಸ್ತಕ

ಏಪ್ರಿಲ್ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ವರ್ನಾ ಡೋನಟ್ ಕರಿಯುತ್ತಿದ್ದಾಗ ಹಾಲಿಸ್ ಬಾಗಿಲು ತಟ್ಟದೆ ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ಎಪ್ಪತ್ತೆರಡು ವರ್ಷದ ಗಂಡಸು, ಕಣ್ಣ ತುಂಬ ನೀರು.

“ಏವಿಸ್, ಡೆಲ್ಮಂಟ್ ನನ್ನನ್ನ ಕಳ್ಳ ಅಂದುಬಿಟ್ಟ ಕಣೇ!”

ಏವಿಸ್ ವರ್ನಾಳ ನಾದಿನಿ. ಮೂವತ್ತು ವರ್ಷ ಊರಿನ ಅಂಚೆ ಕಚೇರಿ ನಡೆಸಿ ನಿವೃತ್ತಳಾದವಳು. ಗಂಡ ಸತ್ತ ಮೇಲೆ ವರ್ನಾ ಇವಳ ಮನೆಗೇ ಬಂದು ಸೇರಿದ್ದಳು. ಊರಲ್ಲಿ ಹಸು ತಪ್ಪಿಸಿಕೊಂಡರೂ ದೋಣಿ ಕಳುವಾದರೂ ಜನ ಮೊದಲು ಓಡಿ ಬರುತ್ತಿದ್ದದ್ದು ಈ ಅಡುಗೆಮನೆಗೆ. ಪೊಲೀಸರು ನಲವತ್ತು ಮೈಲಿ ಆಚೆ ಇದ್ದರು, ಮೇಲಾಗಿ ಅವರು ಕಾಫಿ ಕೊಡುತ್ತಿರಲಿಲ್ಲ.

“ಏನು ಕದ್ದೆ ಅಂತೆ?” ಎಂದಳು ಏವಿಸ್.

“ಮೀನುಪುಸ್ತಕ!”

ಆ ಪುಸ್ತಕ ಊರಿಗೇ ಗೊತ್ತು. ಊರ ಪಕ್ಕದ ಮೂಸ್‌ಹೆಡ್ ಸರೋವರದ ಮಂಜುಗಡ್ಡೆ ಒಡೆದ ಕೂಡಲೇ ಸಾಲ್ಮನ್ ಮೀನುಗಳು ಮೇಲ್ನೀರಿಗೆ ಬರುತ್ತವೆ. ಕೆಲವೇ ದಿನ, ಆಮೇಲೆ ತಳ ಸೇರುತ್ತವೆ. ಆ ದಿನಗಳಲ್ಲಿ ಡೆಲ್ಮಂಟ್, ಲಿನ್‌ವುಡ್, ಹಾಲಿಸ್ ಮೂವರೂ ದ್ವೀಪದಲ್ಲಿ ಡೇರೆ ಹಾಕಿ ಒಂದು ವಾರ ಇರುತ್ತಿದ್ದರು. ನಲವತ್ತೊಂದು ವರ್ಷ ತಪ್ಪಿರಲಿಲ್ಲ. ಅಲ್ಲಿನ ಗಾಳಿ, ಜಾಗ, ಸಿಕ್ಕ ಮೀನು ಎಲ್ಲವನ್ನೂ ಡೆಲ್ಮಂಟ್ ಆ ಪುಸ್ತಕದಲ್ಲಿ ದಿನದಿನವೂ ಬರೆದಿಡುತ್ತಿದ್ದ. ಏಪ್ರಿಲ್ ಕೊನೆಯ ಭಾನುವಾರ ಡೆಲ್ಮಂಟನ ಮನೆಯಲ್ಲಿ ಕೂತು ಡೇರೆ, ದೋಣಿ, ಊಟ ಎಲ್ಲದರ ಯೋಜನೆ. ಅದಕ್ಕೆ ಮೊದಲು ಹಿರಿಯನಾದ ಡೆಲ್ಮಂಟ್ ಹೋದ ವರ್ಷದ ಪುಟವನ್ನು ಗಟ್ಟಿಯಾಗಿ ಓದಬೇಕು. ಅದನ್ನು ಓದದೆ ಯೋಜನೆ ಶುರುವಾದ ಉದಾಹರಣೆಯೇ ಇಲ್ಲ.

“ನಿನ್ನೆ ಹೋದ್ರೆ ಪುಸ್ತಕ ಇಲ್ಲ ಅಂದ,” ಎಂದ ಹಾಲಿಸ್. “ಹೋಗಲಿ ಬಿಡೋ, ಅದಿಲ್ಲದೆ ಹೋಗೋಣ ಅಂದೆ. ಅಷ್ಟಕ್ಕೇ ಕೆಂಡ ಆಗಿಬಿಟ್ಟ. ನಿಮ್ಮಲ್ಲೊಬ್ಬ ಕದ್ದಿದ್ದಾನೆ, ಕಳ್ಳರ ಜೊತೆ ನಾನು ದೋಣಿ ಹತ್ತಲ್ಲ ಅಂದ!”

“ಹುಡುಕಿದನಾ?”

“ಎಲ್ಲಿ ಹುಡುಕಿದ? ನಾನು ಮೇಜಿನ ಕೆಳಗೆ ಬಗ್ಗಿದ್ರೆ ಅದೂ ಬೇಡ ಅಂದ. ಇನ್ನು ಲಿನ್‌ವುಡ್! ಕಳ್ಳ ಅಂತ ಬೈಸಿಕೊಂಡು ನಗ್ತಾ ತಲೆಯಾಡಿಸಿದ. ಅಂದ್ರೆ ಒಪ್ಪಿಕೊಂಡ ಹಾಗೇ ಅಲ್ವಾ?”

“ನೀನು ತಲೆಯಾಡಿಸಲಿಲ್ವಾ?” ಎಂದು ವರ್ನಾ ಕೆಣಕಿದಳು.

“ಅಳ್ತಾ ಇದೀನಿ, ನೀನು ಬೇರೆ ಉರಿಯೋ ಗಾಯಕ್ಕೆ ಉಪ್ಪು ಹಾಕು! ನಾಲ್ಕೈದು ದಿನದಲ್ಲಿ ಮಂಜುಗಡ್ಡೆ ಒಡೆಯುತ್ತೆ ಏವಿಸ್. ಈ ವರ್ಷ ಹೋಗಲಿಲ್ಲ ಅಂದ್ರೆ ಮತ್ತೆ ನಾವು ಮೂವರೂ ಒಟ್ಟಿಗೆ ಹೋಗಲ್ಲ. ನನಗೆ ಮೀನು ಬೇಡ, ಪುಸ್ತಕಾನೂ ಬೇಡ. ಅವನು ಬೇಕು.”

ಏವಿಸ್ ಕೋಟು ಹಾಕಿಕೊಂಡಳು, ವರ್ನಾ ಒಲೆ ಆರಿಸಿದಳು. ಇನ್ನೂ ಬಿಸಿಯಿದ್ದ ಡೋನಟ್‌ಗಳನ್ನು ಡಬ್ಬಿಗೆ ತುಂಬಿಕೊಂಡು ನಾದಿನಿಯ ಹಿಂದೆ ಹೊರಟಳು.

ಡೆಲ್ಮಂಟನ ಮನೆಗೆ ಹಿಂಬದಿಯ ಸೌದೆಕೊಟ್ಟಿಗೆಯೇ ದಾರಿ. ಬೀಗ ಹಾಕುವ ಪದ್ಧತಿ ಊರಲ್ಲಿ ಯಾರಿಗೂ ಇರಲಿಲ್ಲ. ಡೇರೆ, ಕೊಡಲಿ, ಹುಟ್ಟುಗೋಲು ಎಲ್ಲದರ ಮೇಲೂ ಚಳಿಗಾಲದ ಜೇಡರ ಬಲೆ. ದ್ವೀಪದಲ್ಲಿ ನೆಲ ತೋಡಿ ಕೆಂಡದೊಳಗೆ ಹೂತು ಬೀನ್ಸ್ ಕಾಳು ಬೇಯಿಸುವ ಕಬ್ಬಿಣದ ಹಂಡೆ ಮೂಲೆಯಲ್ಲಿತ್ತು. ಅದರ ಮುಚ್ಚಳ ಮಾತ್ರ ಚೊಕ್ಕಟವಾಗಿತ್ತು. ಏವಿಸ್ ಅದನ್ನು ಬೆರಳಲ್ಲಿ ಸವರಿ ಒಳಗೆ ನಡೆದಳು.

ಅಡುಗೆಮನೆಯಲ್ಲಿ ಡೆಲ್ಮಂಟ್ ಬಾಗಿಲ ಕಡೆ ತಿರುಗಿ ಕಾದ. ವರ್ನಾ “ಡೋನಟ್ ತಂದಿದೀನಿ” ಎಂದ ಮೇಲಷ್ಟೇ ಮುಖ ಅರಳಿತು.

“ಓ, ವರ್ನಾ! ಬಾ ಬಾ. ಜೊತೇಲಿ ಬಂದಿರೋದು ಆ ಪತ್ತೇದಾರಿಣಿ ತಾನೇ? ಹಾಲಿಸ್ ಕಳಿಸಿದನೋ?”

ಮೂರು ಲೋಟಕ್ಕೆ ಕಾಫಿ ಬಗ್ಗಿಸಿದ. ಬಗ್ಗಿಸುವಾಗ ಲೋಟದ ಅಂಚಿನೊಳಗೆ ಬೆರಳು ಇಳಿಬಿಟ್ಟಿದ್ದ. ಅಯ್ಯೋ, ಎಪ್ಪತ್ತೊಂಬತ್ತಾದರೂ ಇವನಿಗೆ ಶಿಸ್ತು ಬರಲಿಲ್ಲವಲ್ಲ ಎಂದುಕೊಂಡು ವರ್ನಾ ತನ್ನ ಲೋಟ ಮುಟ್ಟಲಿಲ್ಲ.

ಮೇಜಿನ ಮೇಲೆ ಈ ಚಳಿಗಾಲದಲ್ಲಿ ಅವನು ಗರಿ ಸುತ್ತಿ ಕಟ್ಟಿದ ಗಾಳಗಳಿದ್ದವು. ಏವಿಸ್ ಒಂದನ್ನೆತ್ತಿ ಹೊಲಿಗೆದಾರ ಪೋಣಿಸಲು ನೋಡಿದಳು, ಆಗಲಿಲ್ಲ. ಇನ್ನೊಂದಕ್ಕೂ ಆಗಲಿಲ್ಲ. ಗಂಟು ಬಿಚ್ಚದಿರಲು ಹಚ್ಚುವ ವಾರ್ನಿಷ್ ದಾರ ಪೋಣಿಸುವ ತೂತಿನೊಳಗೇ ಒಣಗಿ ಕೂತಿತ್ತು.

“ಚೆನ್ನಾಗಿ ಕಟ್ಟಿದ್ದೀಯಪ್ಪ,” ಎಂದಳು ಏವಿಸ್. “ನಾಳೆ ಬೆಳಿಗ್ಗೆ ಅವರಿಬ್ಬರನ್ನೂ ಇಲ್ಲಿಗೆ ಕರೀತೀನಿ. ಪುಸ್ತಕ ನಿನ್ನ ಕೈಗೆ ಕೊಡ್ತೀನಿ.”

ಡೆಲ್ಮಂಟನ ಮುಖ ಯಾಕೋ ಇಳಿದುಹೋಯಿತು.

ದಾರಿಯಲ್ಲಿ ವರ್ನಾ ತಡೆಯಲಾರದೆ ಕೇಳಿದಳು: “ಲಿನ್‌ವುಡ್ ತಾನೇ? ನಗ್ತಾ ಕೂತಿದ್ದನಂತಲ್ಲ.”

“ನಿನ್ನ ತಲೆ ಡೋನಟ್ ಥರಾನೇ ಕಣೇ, ನಡುವೆ ಖಾಲಿ,” ಎಂದು ಏವಿಸ್ ಅವಳ ತೋಳು ಹಿಡಿದುಕೊಂಡಳು. ಕೆಸರಲ್ಲಿ ಇಬ್ಬರೂ ಜಾರುತ್ತಾ ಮನೆ ಸೇರಿದರು.

ಮಂಗಳವಾರ ಮೂವರು ಮುದುಕರೂ ಒಬ್ಬರ ಮುಖ ಒಬ್ಬರು ನೋಡದೆ ಮೇಜಿನ ಸುತ್ತ ಕೂತರು. ಲಿನ್‌ವುಡ್ ಎಲ್ಲರಿಗೂ ನಕ್ಕು ತಲೆಯಾಡಿಸಿದ.

“ಈ ಪುಸ್ತಕ ಯಾರಿಗೆ ಬೇಕು?” ಎಂದು ಏವಿಸ್ ಶುರುಮಾಡಿದಳು. “ಅದರಲ್ಲಿರೋ ಜಾಗ, ಗಾಳಿ, ಗಾಳ ಎಲ್ಲಾ ಈ ಇಬ್ಬರಿಗೂ ಬಾಯಿಪಾಠ. ಕದ್ದು ಏನು ಲಾಭ? ಅದು ಕಾಣೆಯಾದದ್ದರಿಂದ ಆದದ್ದು ಒಂದೇ, ಮೊನ್ನೆ ಓದೋದು ತಪ್ಪಿತು. ಹಾಗಾದ್ರೆ ಓದೋದು ತಪ್ಪಲಿ ಅಂತ ಯಾರಿಗೆ ಬೇಕಾಗಿತ್ತು?”

ಏವಿಸ್ ಡೆಲ್ಮಂಟನ ಕಡೆ ತಿರುಗಿದಳು.

“ನಲವತ್ತೊಂದು ವರ್ಷದ ಪುಸ್ತಕ ಕಳೆದುಕೊಂಡೋನು ಮನೆಯೆಲ್ಲ ತಡಕಾಡ್ತಾನೆ. ಇವನು ಹುಡುಕಲಿಲ್ಲ, ಹುಡುಕೋರನ್ನೂ ಬಿಡಲಿಲ್ಲ. ಯಾಕಂದ್ರೆ ಅದು ಎಲ್ಲಿದೆ ಅಂತ ಇವನಿಗೆ ಗೊತ್ತಿತ್ತು. ನಿನ್ನೆ ವರ್ನಾ ಎದುರಲ್ಲೇ ನಿಂತಿದ್ರೂ ಅವಳು ಬಾಯಿ ಬಿಡೋವರೆಗೆ ಗುರುತು ಹಿಡೀಲಿಲ್ಲ. ಕಾಫಿ ಎಷ್ಟು ತುಂಬಿತು ಅಂತ ಬೆರಳಲ್ಲಿ ಮುಟ್ಟಿ ನೋಡಿದ. ಐವತ್ತು ವರ್ಷ ಗಾಳ ಕಟ್ಟಿದ ಕೈ ತೂತಿಗೇ ವಾರ್ನಿಷ್ ಮೆತ್ತಿದೆ. ಡೆಲ್ಮಂಟ್, ಕಣ್ಣು ಯಾವಾಗಿಂದ ಹೀಗೆ?”

“ಸುಳ್ಳು!” ಎಂದು ಡೆಲ್ಮಂಟ್ ಮೇಜು ಗುದ್ದಿದ.

“ವರ್ನಾ, ಕೊಟ್ಟಿಗೆಯ ಹಂಡೆ ತಾ.”

ವರ್ನಾ ತಂದಳು. ಮುಚ್ಚಳ ತೆಗೆದರೆ ಒಳಗೆ ಮೇಣದ ಬಟ್ಟೆಯಲ್ಲಿ ಸುತ್ತಿದ ಪುಸ್ತಕ!

“ಸುಡೋಕೆ ಇವನಿಗೆ ಮನಸ್ಸು ಬರಲ್ಲ, ಅದಕ್ಕೇ ಬಚ್ಚಿಟ್ಟ,” ಎಂದಳು ಏವಿಸ್. “ಈ ಹಂಡೆ ತೆಗೆಯೋದು ದ್ವೀಪಕ್ಕೆ ಹೋಗುವಾಗ ಮಾತ್ರ. ಹೋಗಬೇಕು ಅಂತಿದ್ದೋನು ಇದರಲ್ಲಿ ಬಚ್ಚಿಡಲ್ಲ, ವಾರದೊಳಗೆ ಸಿಕ್ಕಿಬೀಳ್ತಾನೆ. ಪಯಣವೇ ನಿಂತುಹೋಗುತ್ತೆ ಅಂತ ಗೊತ್ತಿದ್ದೋನು ಇಡ್ತಾನೆ. ಕೊಟ್ಟಿಗೆಯ ಎಲ್ಲದರ ಮೇಲೂ ಬಲೆ ಇತ್ತು, ಈ ಮುಚ್ಚಳದ ಮೇಲೆ ಇರಲಿಲ್ಲ.”

ಡೆಲ್ಮಂಟ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಹೋದ ವರ್ಷ ದ್ವೀಪದಲ್ಲಿದ್ದಾಗಲೇ ಶುರುವಾಯ್ತು. ಈಗ ಒಂದಕ್ಷರ ಕಾಣಲ್ಲ. ಗೊತ್ತಾದ್ರೆ ಮುದುಕ ಕುರುಡಾದ ಅಂತ ದಡದಲ್ಲಿ ಬಿಟ್ಟು ಹೋಗ್ತಿದ್ರಿ. ನೀವು ಬಿಟ್ಟುಹೋಗೋದಕ್ಕಿಂತ ನಾನೇ ಜಗಳ ಆಡಿ ನಿಲ್ಲಿಸೋದು ಮೇಲು ಅನ್ನಿಸ್ತು.”

“ಥೂ ನಿನ್ನ!” ಎಂದ ಹಾಲಿಸ್. ಬಯ್ಯಲು ಹೊರಟವನು ಅವನ ತೋಳು ಹಿಡಿದುಕೊಂಡ. “ನಿನ್ನ ಬಿಟ್ಟು ನಾನು ಎಲ್ಲಿಗೆ ಹೋಗಲಿ, ಮಾರಾಯ? ಈ ಲಿನ್‌ವುಡ್ ಜೊತೆ ಹೋದ್ರೆ ಮಾತಾಡೋರಾರು?”

“ಲಿನ್‌ವುಡ್!” ಎಂದು ಏವಿಸ್ ಅವನ ಕಿವಿಯ ಬಳಿ ಕೂಗಿದಳು. “ಭಾನುವಾರ ಇವನು ನಿನ್ನನ್ನ ಏನಂದ?”

“ಬೀನ್ಸ್ ಚೆನ್ನಾಗಿ ಮಾಡ್ತೀಯ ಅಂದ,” ಎಂದ ಲಿನ್‌ವುಡ್. ಎಲ್ಲರೂ ತನ್ನನ್ನೇ ನೋಡುವುದು ಕಂಡು ಕೆಂಪಾದ. “ಸರಿ, ಕೇಳಿಸಲ್ಲ. ಎರಡು ವರ್ಷದಿಂದ ನೀನು ಓದಿದ್ದು ಒಂದೂ ಕೇಳಿಸಿಲ್ಲ ಕಣೋ. ಹೇಳಿದ್ರೆ ಎಲ್ಲಿ ಬಿಟ್ಟು ಹೋಗ್ತೀರೋ ಅಂತ ತಲೆಯಾಡಿಸ್ತಿದ್ದೆ.”

ಡೆಲ್ಮಂಟನಿಗೆ ಮೊದಲು ನಗು ಬಂತು. ಆಮೇಲೆ ಮೂವರಿಗೂ ಬಂತು, ಕಣ್ಣೊರೆಸಿಕೊಳ್ಳುವಷ್ಟು.

“ಕಳ್ಳ ಅಂದದ್ದಕ್ಕೆ ಕ್ಷಮಿಸೋ, ಹಾಲಿಸ್,” ಎಂದ ಡೆಲ್ಮಂಟ್. “ಇನ್ಮೇಲೆ ನೀನೇ ಓದು. ಗಟ್ಟಿಯಾಗಿ, ಇವನಿಗೂ ಕೇಳಲಿ.”

ಹಾಲಿಸ್ ಕನ್ನಡಕ ಏರಿಸಿ ಹೋದ ವರ್ಷದ ಪುಟ ತೆರೆದ. ಅವನ ಹೆಗಲ ಮೇಲಿಂದ ವರ್ನಾ ಇಣುಕಿದಳು. ಸಾಲಿನ ಮೇಲೆ ಸಾಲು, ಅದರ ಮೇಲೆ ಇನ್ನೊಂದು, ಸಿಕ್ಕಾದ ಉಲ್ಲನ್ನಿನ ಹಾಗೆ. ದೇವರೇ ಬಂದರೂ ಓದುವಂತಿರಲಿಲ್ಲ. ಹಾಲಿಸ್ ಉಗುಳು ನುಂಗಿ, ಧ್ವನಿ ಏರಿಸಿದ.

“ಮೇ ಒಂಬತ್ತು. ಮೋಡ. ಬೆಳಿಗ್ಗೆ ಜೋರು ಗಾಳಿ. ಲಿನ್‌ವುಡ್ ಬೀನ್ಸ್ ಸೀಸಿದ.”

“ಅದನ್ನೂ ಬರೆದಿದ್ದೀಯೇನೋ?” ಎಂದು ಲಿನ್‌ವುಡ್ ರೇಗಿದ.

“ದ್ವೀಪದ ಬಲಕ್ಕೆ ಹಾಲಿಸ್‌ಗೆ ನಾಲ್ಕು ಪೌಂಡಿನ ಸಾಲ್ಮನ್ ಸಿಕ್ಕಿತು.”

ಕಣ್ಣು ಮುಚ್ಚಿ ಕೇಳುತ್ತಿದ್ದ ಡೆಲ್ಮಂಟ್ ತಲೆ ಎತ್ತಿದ. “ಎರಡೂವರೆ. ನಾನು ಎರಡೂವರೆ ಅಂತ ಬರೆದಿದ್ದೆ.”

ಹಾಲಿಸ್ ಆ ಸಿಕ್ಕಿನ ಮೇಲೆ ಬೆರಳಿಟ್ಟು, ಬಗ್ಗಿ, ನಿಧಾನವಾಗಿ ನೋಡಿದ.

“ಹೌದಪ್ಪಾ,” ಎಂದ, “ಎರಡೂವರೆ ಅಂತಲೇ ಇದೆ.”